ಸೋಲಲೆಂದೇ ಇಟ್ಟ ಸ್ಕ್ರೂ

ಹವ್ಯಾಸಿಯೊಬ್ಬ ತನ್ನ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಂಡ ಎರಡು ಆಸನದ ವಿಮಾನ. ಅದರಲ್ಲಿ ಸಾಮಾನು ಇಡುವ ಜಾಗದ ಹಿಂದಿನ ತಗಡನ್ನು ಬಿಚ್ಚಿ ಟಾರ್ಚು ಬಿಟ್ಟರೆ ಬಾಲದವರೆಗೆ ಸಾಗುವ ಇಕ್ಕಟ್ಟಾದ ಗೂಡು ಕಾಣುತ್ತದೆ. ಅಲ್ಲೊಂದು ಮುಷ್ಟಿಗಾತ್ರದ ಲೋಹದ ಡಬ್ಬಿ. ಡಬ್ಬಿಯಿಂದ ಹೊರಚಾಚಿದ ಶಾಫ್ಟಿಗೆ ಬೆರಳುದ್ದದ ತೋಳು, ತೋಳಿನ ತುದಿಗೊಂದು ಸರಳು. ಸರಳಿನ ಇನ್ನೊಂದು ತುದಿ, ವಿಮಾನದ ಮೂಗನ್ನು ಏರಿಸಿ ಇಳಿಸುವ ಬಾಲದ ಹಲಗೆಯನ್ನು, ಅಂದರೆ ಎಲಿವೇಟರನ್ನು, ಮೇಲೆ ಕೆಳಗೆ ಆಡಿಸುವ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಗೆ ಸೇರಿದೆ. ಇದು ಆಟೊಪೈಲಟ್‌ನ ಸರ್ವೊ. ಪೈಲಟ್‌ನ ಎದುರಿನ ಪರದೆಯಲ್ಲಿ ನಕ್ಷೆ, ಎತ್ತರದ ಅಂಕಿ, ದಿಕ್ಕಿನ ಗೆರೆ ಎಷ್ಟೇ ಮಿನುಗಲಿ, ವಿಮಾನವನ್ನು ನಿಜವಾಗಿ ತಿರುಗಿಸುವ ಮೈಗೆಲಸ ಈ ಡಬ್ಬಿಯದು.

ಅಮೆರಿಕದ ಡೈನಾನ್ ಕಂಪನಿಯ ಸರ್ವೊಗಳಲ್ಲಿ ಆ ತೋಳಿನ ಹಿಡಿತ ನಿಂತಿರುವುದು ಹಿತ್ತಾಳೆಯ ಒಂದು ಪುಟ್ಟ ಸ್ಕ್ರೂ ಮೇಲೆ. ಉಕ್ಕಿನ ಸ್ಕ್ರೂ ಹಾಕುವುದು ಅವರಿಗೆ ಕಷ್ಟವೇನೂ ಆಗಿರಲಿಲ್ಲ. ಡಬ್ಬಿಯೊಳಗಿನ ಗೇರು ಎಂದಾದರೂ ಸಿಕ್ಕಿಕೊಂಡು ನಿಂತುಬಿಟ್ಟರೆ, ಪೈಲಟ್ ಬಲವಾಗಿ ಸ್ಟಿಕ್ ಎಳೆದಾಗ ಎಲ್ಲಕ್ಕಿಂತ ಮೊದಲು ಮುರಿಯಬೇಕಾದದ್ದು ಈ ಸ್ಕ್ರೂ. ಅದು ಮುರಿದರೆ ಸರ್ವೊ ತನ್ನ ಪಾಡಿಗೆ ಬೀಳುತ್ತದೆ, ವಿಮಾನ ಮನುಷ್ಯನ ಕೈಗೆ ಬರುತ್ತದೆ. ವಿಮಾನದ ನೂರಾರು ಸ್ಕ್ರೂಗಳಲ್ಲಿ ಸೋಲಲೆಂದೇ ಇಟ್ಟದ್ದು ಇದೊಂದೇ ಇರಬೇಕು.

ಯಂತ್ರದ ಭರವಸೆ ಎಂದಕೂಡಲೇ ನಮಗೆ ತೋಚುವುದು ಅದು ಎಷ್ಟು ಕಾಲ ಕೈಕೊಡದೆ ನಡೆಯುತ್ತದೆ ಎಂಬ ಲೆಕ್ಕ. ಮನೆಯಲ್ಲಿ ಕಟ್ಟಿದ ವಿಮಾನದ ಸರ್ವೊಗೆ ಆ ಲೆಕ್ಕ ಸಾಲದು. ಅದು ಕೆಡುವುದೇ ಇಲ್ಲ ಎಂಬ ಭರವಸೆಗಿಂತ, ಕೆಟ್ಟಾಗ ಹಿಡಿತ ಬಿಡುತ್ತದೆ ಎಂಬ ಭರವಸೆ ದೊಡ್ಡದು. ಆದರೆ ರೂಢಿ ಇದಕ್ಕೆ ತಲೆಕೆಳಗಾಗಿದೆ. ಸರ್ವೊ ಹಿಡಿಯುತ್ತದೆಯೇ ಎಂದು ಪ್ರತಿ ಹಾರಾಟದಲ್ಲೂ ತಾನಾಗಿ ಪರೀಕ್ಷೆಯಾಗುತ್ತದೆ. ಬಿಡುತ್ತದೆಯೇ ಎಂದು ಬೇಕೆಂದೇ ನೋಡದ ಹೊರತು ಯಾರಿಗೂ ತಿಳಿಯುವುದಿಲ್ಲ. ನೋಡುವ ಅಭ್ಯಾಸವೂ ಕಡಿಮೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ನಮ್ಮ ಕಡೆ ಇಂದಿಗೂ ಪತ್ರಿಕೆಯ ಮುಖಪುಟದ ಸುದ್ದಿ. ಅಮೆರಿಕದಲ್ಲಿ ಅದು ನೆಲೆಯೂರಿದ ಹವ್ಯಾಸ. ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇಂದು ಆಷ್ಕಾಷ್ ಊರಿನಲ್ಲಿ ವರ್ಷವರ್ಷ ದೊಡ್ಡ ಜಾತ್ರೆಯನ್ನೇ ನಡೆಸುತ್ತದೆ. ಒರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಒಂದೇ ಕಂಪನಿಯ ಕಿಟ್‌ಗಳಿಂದ ಜನ ಕಟ್ಟಿ ಹಾರಿಸಿದ ವಿಮಾನಗಳು 10,000 ದಾಟಿವೆ. ಅಲ್ಲಿನ ನಿಯಮ ಕೇಳುವುದು ಇಷ್ಟೇ: ಕೆಲಸದ ಹೆಚ್ಚಿನ ಪಾಲು, ಅಂದರೆ ಕನಿಷ್ಠ ಶೇಕಡ 51 ಪಾಲು, ಹವ್ಯಾಸಿಗಳ ಕೈಯಿಂದಲೇ ಆಗಿರಬೇಕು, ಕಲಿಕೆಗೆ, ಖುಷಿಗೆ ಆಗಿರಬೇಕು. ಸೆಸ್ನಾದಂಥ ಕಾರ್ಖಾನೆ ವಿಮಾನಗಳು ಹಾಯುವ ಪ್ರಮಾಣಪತ್ರದ ಜರಡಿ ಇದಕ್ಕಿಲ್ಲ. ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಗೊತ್ತುಮಾಡಿದ ಪ್ರದೇಶದೊಳಗೆ ಹಾರಿಸಿ ನೋಡಬೇಕು, ಆಮೇಲೆ ಹನ್ನೆರಡು ತಿಂಗಳಿಗೊಮ್ಮೆ ಪೂರ್ಣ ತಪಾಸಣೆ. ಕಟ್ಟಿದವನೇ ಅರ್ಜಿ ಹಾಕಿ ರಿಪೇರ್‌ಮನ್ ಪ್ರಮಾಣಪತ್ರ ಪಡೆದರೆ ಆ ತಪಾಸಣೆಗೂ ಅವನದೇ ಸಹಿ.

ಆಟೊಪೈಲಟ್‌ನ ಮಟ್ಟಿಗೆ ಈ ಸ್ವಾತಂತ್ರ್ಯದ ಅರ್ಥವೇನು? ಕಾರ್ಖಾನೆಯ ವಿಮಾನದಲ್ಲಿ ಸರ್ವೊ ಎಲ್ಲಿ ಕೂರಬೇಕು, ಯಾವ ಬ್ರ್ಯಾಕೆಟ್ಟಿನ ಮೇಲೆ, ಸರಳು ಎಷ್ಟು ಉದ್ದ, ಬಲ ಎಷ್ಟು ಎಂಬುದೆಲ್ಲ ನಕ್ಷೆಯಲ್ಲಿ ಬಂದು ಅನುಮೋದನೆಯಾಗಿರುತ್ತದೆ. ಹವ್ಯಾಸಿಯ ವಿಮಾನದಲ್ಲಿ ಡಬ್ಬಿಯೊಂದು ಮಾತ್ರ ಕಾರ್ಖಾನೆಯದು. ಬ್ರ್ಯಾಕೆಟ್ಟಿನ ತೂತು ಕೊರೆದವನು ಅವನು, ತಂತಿ ಎಳೆದವನು ಅವನು, ಪಿನ್ನಿಗೆ ತಂತಿ ಒತ್ತಿ ಕೂರಿಸಿದವನು ಅವನು, ಪರದೆಯ ಮೆನುವಿನೊಳಗೆ ಹೋಗಿ ಸರ್ವೊ ಎಷ್ಟು ಬಲ ಹಾಕಲಿ ಎಂದು ಅಂಕಿ ಒತ್ತಿದವನೂ ಅವನೇ. ಒಂದೇ ಕಂಪನಿಯ ಒಂದೇ ಮಾದರಿಯ ಸರ್ವೊ ಎರಡು ವಿಮಾನಗಳಲ್ಲಿ ಎರಡು ಬೇರೆ ಯಂತ್ರಗಳಾಗುವುದು ಹೀಗೆ. ಆದ್ದರಿಂದ ಇಂಥ ಕಂಪನಿಯ ಸರ್ವೊ ಒಳ್ಳೆಯದೋ ಅಂಥದ್ದೋ ಎಂದು ಹವ್ಯಾಸಿಗಳು ಗಂಟೆಗಟ್ಟಲೆ ನಡೆಸುವ ಜಗಳದಲ್ಲಿ ನನಗೆ ಹೆಚ್ಚು ಹುರುಳು ಕಾಣುವುದಿಲ್ಲ. ಎಲ್ಲರೂ ಡಬ್ಬಿಯನ್ನು ಹೋಲಿಸುತ್ತಾರೆ. ಕೆಡುವುದು ಹೆಚ್ಚಾಗಿ ಡಬ್ಬಿಯ ಆಚೆಗಿನ ಒಂದಡಿ ಜಾಗ.

ಆಟೊಪೈಲಟ್ಟೇ ಬೇಡ, ಕೈಯಲ್ಲಿ ಹಾರಿಸಲು ಬಾರದವನಿಗೆ ವಿಮಾನವೇಕೆ ಎಂದು ಮೂಗು ಮುರಿಯುವವರೂ ಉಂಟು. ಅವರಿಗೆ ಒಂದು ಹಳೆಯ ಪ್ರಯೋಗ ಉತ್ತರ ಕೊಡುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು 1954ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಕರಣ ನೋಡಿ ಹಾರಿಸಿ ಅಭ್ಯಾಸವಿಲ್ಲದ 20 ಮಂದಿಯನ್ನು ಮೋಡದೊಳಗೆ ಹೊಕ್ಕಂಥ ಸ್ಥಿತಿಗೆ, ಹೊರಗಿನದೇನೂ ಕಾಣದ ಸ್ಥಿತಿಗೆ ಒಡ್ಡಿದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಹೊತ್ತು 178 ಸೆಕೆಂಡು, ಮೂರು ನಿಮಿಷವೂ ಅಲ್ಲ. ಒಳಕಿವಿ ಹೇಳುವ ಸುಳ್ಳನ್ನು ನಂಬಿ ವಿಮಾನವನ್ನು ಸುರುಳಿಗೆ ಕೆಡವುವುದು ಮನುಷ್ಯನ ದೇಹಧರ್ಮ. ಒಂದು ಗುಂಡಿ ಒತ್ತಿದರೆ ರೆಕ್ಕೆ ಸಮ ಮಾಡಿ ಹಿಡಿದು ನಿಲ್ಲಿಸುವ ಸೌಕರ್ಯ ಇಂದಿನ ಹವ್ಯಾಸಿ ಆಟೊಪೈಲಟ್‌ಗಳಲ್ಲಿ ಸಾಮಾನ್ಯವಾಗಿದೆ. ಜೀವ ಉಳಿಸುವ ಸಲಕರಣೆ ಎಂದು ಒಪ್ಪಿದ ಮೇಲೆ ಅದನ್ನು ಐಷಾರಾಮಿ ವಸ್ತುವಿನಂತೆ ನಿರ್ವಹಿಸಲು ಬರುವುದಿಲ್ಲ. ಕೆಟ್ಟರೆ ಕೆಡಲಿ, ಕೈಯಲ್ಲಿ ಹಾರಿಸುತ್ತೇನೆ ಎಂಬ ಮಾತು ಬಿಸಿಲಿನ ದಿನಕ್ಕೆ ಸರಿ.

ಈ ಯಂತ್ರದ ಚರಿತ್ರೆಯಲ್ಲೂ ಪ್ರದರ್ಶನ ಮೊದಲು, ರಿಪೇರಿ ಆಮೇಲೆ. 1914ರ ಜೂನ್‌ನಲ್ಲಿ ಪ್ಯಾರಿಸ್ ಬಳಿಯ ಬೆಜೋನ್ಸ್‌ನಲ್ಲಿ, ಸೇನ್ ನದಿಯ ಮೇಲೆ, ಲಾರೆನ್ಸ್ ಸ್ಪೆರ್ರಿ ಎಂಬ ಅಮೆರಿಕನ್ ಯುವಕ ಕರ್ಟಿಸ್ ವಿಮಾನವನ್ನು ಹಾರಿಸುತ್ತ ಎರಡೂ ಕೈ ಎತ್ತಿ ಜನರಿಗೆ ತೋರಿಸಿದ. ಜೊತೆಗಿದ್ದ ಮೆಕ್ಯಾನಿಕ್ ಎಮಿಲ್ ಕಾಶಾಂ ರೆಕ್ಕೆಯ ಮೇಲೆ ನಡೆದು ಹೋದ. ಭಾರ ಒಂದು ಕಡೆಗೆ ವಾಲಿದರೂ ಗೈರೋಸ್ಕೋಪುಗಳ ಬಲದಿಂದ ವಿಮಾನ ನೆಟ್ಟಗೆ ಸಾಗಿತು. ಬಹುಮಾನ 50,000 ಫ್ರಾಂಕ್. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1933ರ ಜುಲೈನಲ್ಲಿ ಪೈಲಟ್ ವೈಲಿ ಪೋಸ್ಟ್ ವಿಮಾನದಲ್ಲಿ ಒಬ್ಬನೇ ಭೂಮಿ ಸುತ್ತಿದ ಕಥೆಯಲ್ಲಿ ಮಾತ್ರ ಅರ್ಧವನ್ನೇ ಹೇಳುವುದು ವಾಡಿಕೆ. ಸ್ಪೆರ್ರಿ ಆಟೊಪೈಲಟ್ ಇಲ್ಲದಿದ್ದರೆ 7 ದಿನ 18 ಗಂಟೆ 49 ನಿಮಿಷದಲ್ಲಿ ಒಬ್ಬ ಮನುಷ್ಯ ನಿದ್ದೆಗೆಟ್ಟು ಅದನ್ನು ಮುಗಿಸಲಾಗುತ್ತಿರಲಿಲ್ಲ, ನಿಜ. ಅದೇ ಆಟೊಪೈಲಟ್‌ನ ರಿಪೇರಿಗಾಗಿ ಅವನು ದಾರಿಯಲ್ಲಿ ಇಳಿಯಬೇಕಾಯಿತು ಎಂಬುದೂ ಅಷ್ಟೇ ನಿಜ. ಅದು ಕೆಟ್ಟಾಗ ಕೈಗೆ ಬಿಟ್ಟುಕೊಟ್ಟಿತು. ಪೋಸ್ಟ್ ಹಾರಿಸಿಕೊಂಡು ಹೋಗಿ ಇಳಿದು ಸರಿಮಾಡಿಸಿದ. ಕೆಡುವುದಾದರೆ ಹೀಗೆ ಕೆಡಬೇಕು.

ಈಗ ಆ ಒಂದಡಿ ಜಾಗಕ್ಕೆ ಬರೋಣ. ಸರಳಿನ ಎರಡೂ ತುದಿಗೆ ಗುಂಡಿನಂತೆ ಎಲ್ಲ ಕಡೆಗೂ ತಿರುಗುವ ಪುಟ್ಟ ಬೇರಿಂಗುಗಳಿರುತ್ತವೆ. ಅವುಗಳನ್ನು ಬೋಲ್ಟಿನಿಂದ ಹಿಡಿಸಿ, ಕಿರೀಟದಂತೆ ಗೀರುಗಳಿರುವ ನಟ್ಟು ಹಾಕಿ, ನಟ್ಟು ಸಡಿಲವಾಗದಂತೆ ಕಾಟರ್ ಪಿನ್ ತೂರಿಸಿ ಮಡಿಸಬೇಕು. ಬೇರಿಂಗಿನ ಹೊರಮಗ್ಗುಲಿಗೆ ಅಗಲದ ವಾಷರ್ ಹಾಕುವುದು ವಿಮಾನದವರ ಹಳೆಯ ಜಾಣತನ: ಬೇರಿಂಗು ಸವೆದು ಗುಂಡು ಕಳಚಿದರೂ ಸರಳು ಬೋಲ್ಟಿನಿಂದ ಜಾರಿ ಬೀಳದಂತೆ ಆ ವಾಷರ್ ತಡೆಯುತ್ತದೆ. ಇಷ್ಟರಲ್ಲಿ ಒಂದನ್ನು ಮರೆತರೂ ಮೊದಲ ಐವತ್ತು ಗಂಟೆ ಏನೂ ಆಗದೆ ಇರಬಹುದು. ಎಂಜಿನ್ನಿನ ನಡುಕ ದಿನವೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬಿಗಿದ ನಟ್ಟಿನ ಮೇಲೆ, ನಟ್ಟೂ ಬೋಲ್ಟೂ ಸೇರುವ ಕಡೆ ಬಣ್ಣದ ಒಂದು ಗೆರೆ ಎಳೆದಿದ್ದರೆ, ಅದು ತುಸು ತಿರುಗಿದರೂ ಗೆರೆ ಒಡೆದು ಹೇಳಿಬಿಡುತ್ತದೆ. ನಾಲ್ಕಾಣೆಯ ಬಣ್ಣ ಕೊಡುವ ಈ ಮಾಹಿತಿಯನ್ನು ಲಕ್ಷಗಟ್ಟಲೆ ಬೆಲೆಯ ಪರದೆ ಕೊಡಲಾರದು.

ಇನ್ನೊಂದು ಅಪಾಯ ಜ್ಯಾಮಿತಿಯದು. ತೋಳು ಮತ್ತು ಸರಳು ಒಂದಕ್ಕೊಂದು ಸುಮಾರಾಗಿ ಲಂಬವಾಗಿ ನಿಂತಾಗ ಬಲ ಚೆನ್ನಾಗಿ ಸಾಗುತ್ತದೆ. ಸ್ಟಿಕ್ಕನ್ನು ಕೊನೆಯವರೆಗೆ ಎಳೆದಾಗಲೋ ತಳ್ಳಿದಾಗಲೋ ಅವೆರಡೂ ಒಂದೇ ನೇರಕ್ಕೆ ಬಂದು ದಾಟಿಬಿಟ್ಟರೆ ತೋಳು ಆಚೆಗೆ ಮಗುಚಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಲಿವೇಟರ್ ತುದಿಯಲ್ಲೇ ಸಿಕ್ಕಿಕೊಂಡ ವಿಮಾನವನ್ನು ನೆಲಕ್ಕೆ ತರುವುದು ಹೇಗೆಂದು ಯಾವ ಶಾಲೆಯೂ ಕಲಿಸುವುದಿಲ್ಲ. ಇದಕ್ಕಾಗಿಯೇ ಕಂಪನಿಗಳು ತೋಳಿನ ಓಟಕ್ಕೆ ತಡೆ ಹಾಕುವ ತಗಡಿನ ತುಂಡುಗಳನ್ನು ಕೊಡುತ್ತವೆ, ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಎಚ್ಚರಿಸುತ್ತವೆ. ಕಟ್ಟುವಾಗ ಇದನ್ನು ನೋಡಿಯೇ ಇರುತ್ತಾರೆ. ಐದು ವರ್ಷದ ಮೇಲೆ ಸ್ಟಿಕ್ಕಿನ ಓಟ ಹೊಂದಿಸಿದಾಗ, ಸರಳಿನ ಉದ್ದವನ್ನು ಎರಡು ಸುತ್ತು ಬದಲಿಸಿದಾಗ ಮತ್ತೆ ನೋಡಿದರೇ ಎಂಬುದು ಪ್ರಶ್ನೆ.

ತಂತಿಗಳ ಕಥೆ ಬೇರೆ. ರೆಕ್ಕೆಯೊಳಗಿನ ಸರ್ವೊಗೆ ಹೋಗುವ ತಂತಿ ತೂತಿನಂಚಿಗೆ ಉಜ್ಜಿ ಸಿಪ್ಪೆ ಸುಲಿದುಕೊಳ್ಳುತ್ತದೆ. ಕನೆಕ್ಟರಿನ ಹಿಂಭಾಗದಲ್ಲಿ ಸರಿಯಾಗಿ ಒತ್ತದ ಪಿನ್ನು ನಡುಕಕ್ಕೆ ಹಿಂದೆ ಸರಿಯುತ್ತದೆ. ಅರ್ತಿಂಗ್ ಸಡಿಲವಾದರೆ ಸರ್ವೊ ಒಮ್ಮೆ ಕೆಲಸ ಮಾಡಿ ಒಮ್ಮೆ ಮುನಿಯುತ್ತದೆ. ರೇಡಿಯೊದ ಗುಂಡಿ ಒತ್ತಿ ಮಾತಾಡಿದಾಗಲೆಲ್ಲ ಸರ್ವೊ ಜಗ್ಗಿದಂತಾದರೆ ಅದು ಆಂಟೆನಾದ ಶಕ್ತಿ ತಂತಿಯೊಳಗೆ ನುಗ್ಗಿದ ಲಕ್ಷಣ. ಇಂಥ ರೋಗಗಳು ಹ್ಯಾಂಗರಿನಲ್ಲಿ ಕಾಣಿಸಿಕೊಳ್ಳದೆ ಗಾಳಿಯಲ್ಲೇ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಒಳ್ಳೆಯ ಸರ್ವೊಗಳನ್ನು ಕಂಪನಿಗೆ ಕಳಿಸಿ, ಏನೂ ದೋಷವಿಲ್ಲವೆಂಬ ಚೀಟಿಯೊಂದಿಗೆ ವಾಪಸು ಪಡೆಯುವುದೂ ನಡೆಯುತ್ತದೆ.

ಇದೆಲ್ಲದರ ನಡುವೆ ನನಗೆ ಹೆಚ್ಚು ಆತಂಕ ತರುವುದು ಸದ್ದಿಲ್ಲದ ಒಂದು ರೂಢಿ. ವಿಮಾನ ನೇರ ಹೋಗದೆ ಮೂಗನ್ನು ಮೆಲ್ಲಗೆ ಏರಿಸಿ ಇಳಿಸಿ ತೊನೆಯತೊಡಗುತ್ತದೆ, ಅಥವಾ ರೆಕ್ಕೆ ಎಡಕ್ಕೆ ಬಲಕ್ಕೆ ಅಲುಗಿ ದಿಕ್ಕು ಹುಡುಕುತ್ತದೆ. ಕಾರಣ ಬಹಳ ಸಲ ಯಾಂತ್ರಿಕವಾದದ್ದು: ಬೇರಿಂಗಿನಲ್ಲಿ ಕೂದಲೆಳೆಯಷ್ಟು ಸಡಿಲ, ಬ್ರ್ಯಾಕೆಟ್ಟಿನಲ್ಲಿ ಬಾಗು, ಬೆಲ್‌ಕ್ರ್ಯಾಂಕಿನಲ್ಲಿ ಒಣ ಘರ್ಷಣೆ. ಸರ್ವೊ ತಳ್ಳಿದರೂ ಮೊದಲ ಎಳೆ ವ್ಯರ್ಥವಾಗುತ್ತದೆ, ಆಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಸಾಗಿಬಿಡುತ್ತದೆ, ಮತ್ತೆ ವಾಪಸು. ಆದರೆ ಪೈಲಟ್‌ನ ಕೈಗೆ ಎಟಕುವುದು ಮೆನು. ಅಲ್ಲಿ ಸೂಕ್ಷ್ಮತೆಯ ಅಂಕಿಯನ್ನು ಎರಡು ಮೆಟ್ಟಿಲು ಇಳಿಸಿದರೆ ತೊನೆತ ನಿಂತಂತೆ ಕಾಣುತ್ತದೆ. ಸ್ಪ್ಯಾನರ್ ಮುಟ್ಟಬೇಕಿಲ್ಲ, ಬೆವರು ಸುರಿಸಬೇಕಿಲ್ಲ. ಆರು ತಿಂಗಳ ಮೇಲೆ ಮತ್ತೆ ಎರಡು ಮೆಟ್ಟಿಲು. ಸಾಫ್ಟ್‌ವೇರಿನ ಪ್ರತಿ ಹೊಂದಾಣಿಕೆಯೂ ಸವೆತದ ಒಂದು ಸಾಕ್ಷಿಯನ್ನು ಅಳಿಸಿಹಾಕುತ್ತ ಹೋಗುತ್ತದೆ. ಮೆನುವಿನಲ್ಲಿ ಬದಲಿಸಿದ ಯಾವ ಅಂಕಿಯನ್ನಾದರೂ ಲಾಗ್ ಬುಕ್ಕಿನಲ್ಲಿ ದಿನಾಂಕ ಸಹಿತ ಬರೆಯಬೇಕು, ಅಂಕಿ ಮುಟ್ಟುವ ಮೊದಲು ಸರಳನ್ನು ಕೈಯಿಂದ ಅಲುಗಿಸಿ ನೋಡಿರಬೇಕು ಎಂಬ ಶಿಸ್ತು ಒಂದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಬಯಲಾಗುತ್ತದೆ.

ಬಲದ ಅಂಕಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಗಾಳಿ ಜೋರಾದಾಗ ಸರ್ವೊ ಸೋತು ಜಾರಿದರೆ ಪರದೆಯಲ್ಲಿ ಎಚ್ಚರಿಕೆ ಮೂಡುತ್ತದೆ. ಅದು ಕಿರಿಕಿರಿ. ಕಿರಿಕಿರಿ ತಪ್ಪಿಸಲು ಬಲವನ್ನು ಪೂರ್ತಿ ಏರಿಸಿಬಿಡುವುದು ಸುಲಭ. ಹಿತ್ತಾಳೆಯ ಸ್ಕ್ರೂ ಎಂದಾದರೂ ಮುರಿದರೆ, ಡಬ್ಬದಲ್ಲಿ ಸಿಕ್ಕಿದ ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ಇನ್ನು ಜನ್ಮದಲ್ಲಿ ಮುರಿಯದು ಎಂದು ಕೈತೊಳೆದುಕೊಳ್ಳುವ ಮೋಹವೂ ಸುಲಭ. ಮೇಸ್ತ್ರಿಯ ಮನಸ್ಸಿಗೆ ಮುರಿದದ್ದನ್ನು ಮೊದಲಿಗಿಂತ ಗಟ್ಟಿಯಾಗಿ ಮಾಡುವುದೇ ಒಳ್ಳೆಯ ಕೆಲಸ. ಇಲ್ಲಿ ಹಾಗೆ ಗಟ್ಟಿ ಮಾಡಿದಷ್ಟೂ ಪೈಲಟ್‌ನ ಪಾಲು ಕುಗ್ಗುತ್ತದೆ.

ಆ ಪಾಲು ಕುಗ್ಗಿದರೆ ಏನಾಗುತ್ತದೆಂದು ತೋರಿಸಿದ್ದು ಹವ್ಯಾಸಿ ವಿಮಾನವಲ್ಲ, ದೊಡ್ಡ ಪ್ರಯಾಣಿಕ ವಿಮಾನ. 1994ರ ಏಪ್ರಿಲ್ 26ರಂದು ಜಪಾನಿನ ನಗೋಯಾದಲ್ಲಿ ಇಳಿಯಲು ಬರುತ್ತಿದ್ದ ಚೈನಾ ಏರ್‌ಲೈನ್ಸ್‌ನ ಏರ್‌ಬಸ್ ಎ300ರಲ್ಲಿ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ಆದೇಶ ಅರಿಯದೆ ಒತ್ತಿಹೋಗಿತ್ತು. ಆಟೊಪೈಲಟ್ ಮೂಗನ್ನು ಎತ್ತಲು ಬಾಲದ ಸಮತಲ ರೆಕ್ಕೆಯನ್ನು ತಿರುಗಿಸುತ್ತ ಹೋಯಿತು. ಪೈಲಟ್‌ಗಳು ಮೂಗನ್ನು ತಗ್ಗಿಸಲು ಕೈಯಿಂದ ತಳ್ಳುತ್ತ ಹೋದರು. ಒಂದೇ ವಿಮಾನದೊಳಗೆ ಮನುಷ್ಯನಿಗೂ ಯಂತ್ರಕ್ಕೂ ನಡೆದ ಹಗ್ಗಜಗ್ಗಾಟ ಅದು. ಕೊನೆಗೆ ವಿಮಾನ ಮೂಗೆತ್ತಿ ವೇಗ ಕಳೆದುಕೊಂಡು ಬಿತ್ತು. 271 ಮಂದಿಯಲ್ಲಿ 264 ಜನ ಸತ್ತರು. ಪೈಲಟ್ ಬಲವಾಗಿ ತಳ್ಳಿದಾಗ ಆಟೊಪೈಲಟ್ ತಾನಾಗಿ ಕಳಚಿಕೊಳ್ಳುವಂತೆ ಮಾಡುವ ಮಾರ್ಪಾಡನ್ನು ಏರ್‌ಬಸ್ ಅದಕ್ಕೆ ಮೊದಲೇ ಸೂಚಿಸಿತ್ತು. ಆ ವಿಮಾನದಲ್ಲಿ ಅದನ್ನು ಇನ್ನೂ ಮಾಡಿರಲಿಲ್ಲ. ಅಂದರೆ ಇದು ವಿನ್ಯಾಸದ ಕಥೆ ಎಷ್ಟೋ, ಮುಂದೂಡಿದ ನಿರ್ವಹಣೆಯ ಕಥೆಯೂ ಅಷ್ಟೇ.

ಕಾರ್ಖಾನೆಯ ಸಣ್ಣ ವಿಮಾನಗಳಿಗೆ ಅಮೆರಿಕದ ನಿಯಮ ಬಹುಕಾಲ ಹೇಳುತ್ತ ಬಂದದ್ದೂ ಇದೇ ಮಾತು: ಆಟೊಪೈಲಟನ್ನು ಪೈಲಟ್ ತಟ್ಟನೆ, ಖಚಿತವಾಗಿ ಕಳಚುವಂತಿರಬೇಕು, ಇಲ್ಲವೇ ಒಬ್ಬನೇ ಪೈಲಟ್ ತನ್ನ ಬಲದಿಂದ ಅದನ್ನು ಮೀರುವಂತಿರಬೇಕು. ಹವ್ಯಾಸಿಯ ವಿಮಾನಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅನ್ವಯಿಸುವುದಿಲ್ಲ ಎಂದಮಾತ್ರಕ್ಕೆ ಭೌತಶಾಸ್ತ್ರವೂ ರಿಯಾಯಿತಿ ಕೊಡುವುದಿಲ್ಲವಲ್ಲ. ಕಂಪನಿ ಸರ್ವೊದ ಬಗ್ಗೆ ಸೂಚನಾಪತ್ರ ಹೊರಡಿಸಿದರೆ ಅದನ್ನು ಪಾಲಿಸುವುದೂ ಬಿಡುವುದೂ ಹೆಚ್ಚಿನಂಶ ಮಾಲೀಕನ ಮರ್ಜಿ. ನಗೋಯಾದಲ್ಲಿ ಬಿದ್ದ ವಿಮಾನದ ಸಂಸ್ಥೆಗೆ ಎಂಜಿನಿಯರುಗಳ ಪಡೆಯೇ ಇತ್ತು. ಹ್ಯಾಂಗರಿನಲ್ಲಿ ಒಬ್ಬನೇ ಕೂತ ಹವ್ಯಾಸಿಗೆ ಬಂದ ಪತ್ರವನ್ನು ನೆನಪಿಸುವವರೂ ಇಲ್ಲ.

ಕಟ್ಟಿದವನು ಹಾರಿಸುತ್ತಿರುವ ತನಕ ಇದೆಲ್ಲ ಹೇಗೋ ನಡೆಯುತ್ತದೆ, ಯಾಕೆಂದರೆ ಯಾವ ತಂತಿ ಎಲ್ಲಿ ಹೋಗುತ್ತದೆಂದು ಅವನಿಗೆ ಕಣ್ಣುಮುಚ್ಚಿದರೂ ಗೊತ್ತು. ತೊಡಕು ಹೆಚ್ಚುವುದು ಮಾರಾಟವಾದಾಗ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಸುರಕ್ಷತೆಯ ಬಗ್ಗೆ ಅಧ್ಯಯನ ಪ್ರಕಟಿಸಿತು. ಸಾಮಾನ್ಯ ವಿಮಾನಯಾನದ ಒಟ್ಟು ವಿಮಾನಗಳಲ್ಲಿ ಇವುಗಳ ಪಾಲು ಶೇಕಡ 10ರಷ್ಟು. 2011ರ ಅಪಘಾತಗಳಲ್ಲಿ ಪಾಲು ಶೇಕಡ 15, ಸಾವಿನಲ್ಲಿ ಮುಗಿದ ಅಪಘಾತಗಳಲ್ಲಿ ಶೇಕಡ 21. ಆ ವರ್ಷ ತನಿಖೆಯಾದ ಇಂಥ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಿಂದ ಬೇರೆಯವರು ಕೊಂಡ ವಿಮಾನಗಳದು. ರಿಪೇರ್‌ಮನ್ ಪ್ರಮಾಣಪತ್ರ ವಿಮಾನದ ಜೊತೆ ಮಾರಾಟವಾಗುವುದಿಲ್ಲ. ಕಟ್ಟಿದವನ ತಲೆಯಲ್ಲಿರುವ ನಕ್ಷೆಯೂ ಅಷ್ಟೇ.

ಗಾಯಕ ಜಾನ್ ಡೆನ್ವರ್ ಸತ್ತದ್ದು ಇಂಥ ವಿಮಾನದಲ್ಲಿ. 1997ರ ಅಕ್ಟೋಬರ್ 12ರ ಸಂಜೆ, ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ. ವಿಮಾನ ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಡ್, ಬೇರೊಬ್ಬ ಹವ್ಯಾಸಿ ಕಟ್ಟಿದ್ದು, ಡೆನ್ವರ್ ಆಗತಾನೇ ಕೊಂಡದ್ದು. ಮೂಲ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇರುವ ಇಂಧನದ ಕವಾಟವನ್ನು ಕಟ್ಟಿದವನು ಪೈಲಟ್‌ನ ಎಡಭುಜದ ಹಿಂದಕ್ಕೆ ಸಾಗಿಸಿದ್ದ. ಕೂತ ಕಡೆ ಪೆಟ್ರೋಲಿನ ಕೊಳವೆ ಬೇಡ ಎಂಬುದು ಅವನ ಲೆಕ್ಕ, ಲೆಕ್ಕದಲ್ಲಿ ತಪ್ಪೇನಿಲ್ಲ. ಹೊಸ ಮಾಲೀಕನಿಗೆ ಮಾತ್ರ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸಲು ಮೈ ಪೂರ್ತಿ ಹಿಂದಕ್ಕೆ ತಿರುಚಬೇಕಿತ್ತು. ಹಾರುವ ಮೊದಲು ಡೆನ್ವರ್ ಮತ್ತು ಒಬ್ಬ ತಂತ್ರಜ್ಞ ಸೇರಿ ಆ ಹಿಡಿಗೆ ಕಚ್ಚುವ ಇಕ್ಕಳವನ್ನು ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಆಗಲಿಲ್ಲ. ಹಿಂದಿನ ಇಂಧನದ ಮಟ್ಟ ನೋಡಲು ತಂತ್ರಜ್ಞ ಕನ್ನಡಿಯೊಂದನ್ನು ಕೊಟ್ಟ. ಕವಾಟ ತಿರುಗಿಸಬೇಕಾಗಿ ಬಂದರೆ ಆಟೊಪೈಲಟ್ ಹಾಕಿ ವಿಮಾನವನ್ನು ಸಮವಾಗಿ ಹಿಡಿಸುತ್ತೇನೆ ಎಂದು ಡೆನ್ವರ್ ಹೇಳಿದ್ದರೆಂದು ತನಿಖೆಯ ವರದಿ ದಾಖಲಿಸಿದೆ. ಹಿಂದಕ್ಕೆ ತಿರುಗುವಾಗ ಅರಿಯದೆ ಬಲಗಾಲಿನ ಪೆಡಲ್ ಒತ್ತಿ ಹತೋಟಿ ತಪ್ಪಿತೆಂಬುದು ಮಂಡಳಿಯ ತೀರ್ಮಾನ. ಎಟಕದ ಜಾಗದಲ್ಲಿ ಗುರುತೂ ಇಲ್ಲದೆ ಕವಾಟ ಇಟ್ಟದ್ದು, ಹೊಸ ವಿಮಾನದ ತರಬೇತಿ ಸಾಲದಾದದ್ದು ಪೂರಕ ಕಾರಣಗಳು.

ಸರ್ವೊ ಇಲ್ಲಿ ಅಪರಾಧಿಯಲ್ಲ. ಆದರೂ ಈ ಪ್ರಕರಣವನ್ನು ತಂದದ್ದಕ್ಕೆ ಕಾರಣವಿದೆ. ಒಂದು ಕೆಟ್ಟ ಜೋಡಣೆಯನ್ನು ಸರಿಪಡಿಸುವ ಬದಲು ಆಟೊಪೈಲಟ್‌ನ ಹೆಗಲಿಗೆ ದಾಟಿಸುವ ಯೋಚನೆ ಅಲ್ಲಿ ಎಷ್ಟು ಸಹಜವಾಗಿ ಬಂತು ನೋಡಿ. ಯಂತ್ರ ಇದೆ, ಅದು ನೋಡಿಕೊಳ್ಳುತ್ತದೆ. ಹವ್ಯಾಸಿಗಳ ಹ್ಯಾಂಗರಿನಲ್ಲಿ ಈ ಮಾತು ಅಪರೂಪದ್ದೇನಲ್ಲ.

ಅದೇ ಲಾಂಗ್-ಈಝಡ್‌ಗೆ ಬೆಂಗಳೂರಿನ ನಂಟೂ ಇದೆ. ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರೂ ಎನ್‌ಎಎಲ್ ಎನ್ನುವ ಸಂಸ್ಥೆ, ರುಟಾನ್‌ನ ಆ ವಿನ್ಯಾಸದ ಮೇಲೆ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಸಂಸ್ಥೆ ಕಟ್ಟಿದ ವಿಮಾನದ ನೆನಪು ಕಡತಗಳಲ್ಲಿರುತ್ತದೆ. ಒಬ್ಬನೇ ಕಟ್ಟಿದ್ದರ ನೆನಪು ಅವನೊಬ್ಬನಲ್ಲಿ. ಮುಂಬೈನ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ಆರು ಆಸನದ ವಿಮಾನಕ್ಕೆ ವಿಮಾನಯಾನ ನಿರ್ದೇಶನಾಲಯದ ಹಾರಾಟದ ಪರವಾನಗಿ ಸಿಕ್ಕಿದ್ದು 2019ರಲ್ಲಿ, ವರ್ಷಗಳ ಅಲೆದಾಟದ ನಂತರ. ಭಾರತದಲ್ಲಿ ಈ ಹವ್ಯಾಸ ಇನ್ನೂ ಕಣ್ಣುಬಿಡುತ್ತಿದೆ. ಅದು ಬೆಳೆಯುವಾಗ ಕಟ್ಟುವ ಪರವಾನಗಿಯ ಬಗ್ಗೆ ನಡೆಯುವಷ್ಟೇ ಚರ್ಚೆ, ಕಟ್ಟಿದ ಹತ್ತು ವರ್ಷದ ಮೇಲೆ ಅದನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಬಗ್ಗೆಯೂ ನಡೆಯಬೇಕು.

ಹಾಗಾದರೆ ಕಾನೂನು ಬಿಗಿಮಾಡಿ, ಹವ್ಯಾಸಿ ವಿಮಾನದ ಆಟೊಪೈಲಟ್‌ಗೂ ಪ್ರಮಾಣಪತ್ರ ಕಡ್ಡಾಯ ಮಾಡಿದರೆ ಮುಗಿಯಿತಲ್ಲ ಎನ್ನಬಹುದು. ನಾನು ಒಪ್ಪುವುದಿಲ್ಲ. ಪ್ರಮಾಣಪತ್ರದ ವೆಚ್ಚದಿಂದಾಗಿ ದಶಕಗಳ ಕಾಲ ಕಾರ್ಖಾನೆಯ ಸಣ್ಣ ವಿಮಾನಗಳು ಹಳೆಯ, ದುಬಾರಿ ಆಟೊಪೈಲಟ್‌ಗಳಿಗೆ ಅಂಟಿಕೊಂಡಿದ್ದವು. ಅಗ್ಗದ, ಚುರುಕಾದ ಡಿಜಿಟಲ್ ಸರ್ವೊಗಳು ಮಾಗಿದ್ದು ಹವ್ಯಾಸಿಗಳ ವಿಮಾನಗಳಲ್ಲೇ. 2017ರ ಸುಮಾರಿಗೆ ಅವೇ ಅನುಮೋದನೆ ಪಡೆದು ಹಳೆಯ ಸೆಸ್ನಾಗಳಿಗೆ ಬರತೊಡಗಿದವು. ಸ್ವಾತಂತ್ರ್ಯ ಕೊಟ್ಟ ಫಲ ಅದು. ಅದನ್ನು ಕಿತ್ತುಕೊಂಡರೆ ಮೋಡದಲ್ಲಿ ಸಿಕ್ಕಿದವನ 178 ಸೆಕೆಂಡಿಗೆ ಉತ್ತರವಿಲ್ಲದಂತಾಗುತ್ತದೆ. ಕಾನೂನಿನ ಕಂತೆ ಬೇಕಿಲ್ಲ, ಈಗಿರುವ ವಾರ್ಷಿಕ ತಪಾಸಣೆಯೇ ಸಾಕು, ಅದು ತಪಾಸಣೆಯಾಗಿದ್ದರೆ. ಬಹಳ ಕಡೆ ಅದು ನಮ್ಮ ಆಯುಧಪೂಜೆಯಂತೆ ನಡೆಯುತ್ತದೆ: ತೊಳೆದು, ಒರೆಸಿ, ಎಂಜಿನ್ನಿಗೆ ಎಣ್ಣೆ ಬದಲಿಸಿ, ಎದುರಿಗೆ ಕಾಣುವುದಕ್ಕೆಲ್ಲ ಉಪಚಾರವಾಗುತ್ತದೆ. ಬಾಲದ ಗೂಡಿನೊಳಗಿನ ಡಬ್ಬಿಗೆ ಮಾತ್ರ ಆ ಭಾಗ್ಯವಿಲ್ಲ, ಅದನ್ನು ತಲುಪಲು ಡಜನ್‌ಗಟ್ಟಲೆ ಸ್ಕ್ರೂ ಬಿಚ್ಚಬೇಕು, ಮೈ ಮಡಿಸಿ ಒಳಗೆ ಮಲಗಬೇಕು. ಹಾಗಾಗಿ ಕಟ್ಟುವ ಹಂತದಲ್ಲೇ ಅಲ್ಲೊಂದು ಸುಲಭವಾಗಿ ತೆಗೆಯುವ ಮುಚ್ಚಳ ಇಡುವವನನ್ನು ನಾನು ದುಬಾರಿ ಸರ್ವೊ ಕೊಂಡವನಿಗಿಂತ ಹೆಚ್ಚು ಜವಾಬ್ದಾರನೆನ್ನುತ್ತೇನೆ.

ಆಗಬೇಕಾದ ಕೆಲಸ ಒಂದು ಮಧ್ಯಾಹ್ನದ್ದು. ಸರಳಿನ ಎರಡೂ ತುದಿ ಹಿಡಿದು ಅಲುಗಿಸಿ ಸಡಿಲ ನೋಡುವುದು, ನಟ್ಟು, ಪಿನ್ನು, ಬಣ್ಣದ ಗೆರೆ ಪರೀಕ್ಷಿಸುವುದು, ಸ್ಟಿಕ್ಕನ್ನು ನಾಲ್ಕು ಮೂಲೆಗೂ ಒಯ್ದು ತೋಳು ನೇರಕ್ಕೆ ಬರುವುದಿಲ್ಲವೆಂದು ಕಣ್ಣಾರೆ ಕಾಣುವುದು. ಮುಖ್ಯವಾದದ್ದು ಆಮೇಲಿನದು. ನೆಲದ ಮೇಲೆ ನಿಂತ ವಿಮಾನದಲ್ಲಿ ಆಟೊಪೈಲಟ್ ಹಾಕಿ, ಒಂದೊಂದು ಕಡೆಗೂ ಕೈಯಿಂದ ಅದನ್ನು ಮೀರಿ ನೋಡಬೇಕು. ಸ್ಟಿಕ್ಕಿನ ಮೇಲಿನ ಗುಂಡಿಯಿಂದ ಕಳಚಿ ನೋಡಬೇಕು. ಆ ಗುಂಡಿಯೇ ಕೆಟ್ಟಿದೆಯೆಂದುಕೊಂಡು ಸರ್ಕಿಟ್ ಬ್ರೇಕರ್ ಎಳೆದು ನೋಡಬೇಕು, ಅದು ಕೂತಲ್ಲಿಂದ ಕೈಗೆ ಎಟಕುತ್ತದೆಯೇ ಎಂಬುದನ್ನೂ ಸೇರಿಸಿ. ಮೂರರಲ್ಲಿ ಒಂದು ತಪ್ಪಿದರೂ ಆ ಸರ್ವೊ ಗಾಳಿಗೆ ಹೋಗಬಾರದು. ಇದರ ಫಲಿತಾಂಶವನ್ನು, ಬಲದ ಅಂಕಿಯನ್ನು, ಸ್ಕ್ರೂ ಬದಲಾಗಿದ್ದರೆ ಅದು ಕಂಪನಿಯದೇ ಎಂಬುದನ್ನು ದಿನಾಂಕ ಹಾಕಿ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಮನೆಯಲ್ಲಿ ಕಟ್ಟಿದ ವಿಮಾನ ಕೊಳ್ಳಲು ಹೊರಟವರು ಎಂಜಿನ್ನಿನ ಗಂಟೆ ಕೇಳುವ ಮೊದಲು ಆ ಪುಟವನ್ನು ಕೇಳಿ. ಪುಟ ಇಲ್ಲವೆಂದರೆ ಆಟೊಪೈಲಟ್ ಇಲ್ಲವೆಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.